ಕೊನೇ ಸೆಮಿಸ್ಟರ್: ನಾಲ್ಕು ವರ್ಷದ ಕಾಲೇಜಿನ ನೆನಪನ್ನು ಮಲೆನಾಡಿನ ಮಳೆಯಿಂದ ಕಾಪಾಡೋದು ಹೇಗೆ?

ಎಂಟನೇ ಸೆಮ್ ಸಿವಿಲ್ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಪ್ರಾಜೆಕ್ಟ್ ವೈವಾಗೆ ಇನ್ನು ಆರು ವಾರ. ಸಿವಿಲ್ ಇಂಜಿನಿಯರಿಂಗ್ ತರಗತಿಯಲ್ಲಿ 58 ಜನ ಇದ್ದೀವಿ. ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗೋ ಮುಂಚೆ ನಾಲ್ಕು ವರ್ಷದ ಸಾಮಾನನ್ನ ಸರಿಯಾಗಿ ಎತ್ತಿಡಬೇಕು ಅಂತ ತೀರ್ಮಾನ ಆಗಿದೆ. ಮೊದಲ ವರ್ಷದ ಡ್ರಾಯಿಂಗ್ ಶೀಟು, ವರ್ಕ್‌ಶಾಪಿನಲ್ಲಿ ಅರ ಹಾಕಿ ಕೂರಿಸಿದ ಫಿಟ್ಟಿಂಗ್ ಜಾಬು, ಲ್ಯಾಬ್ ರೆಕಾರ್ಡು, ಇಂಟರ್ನಲ್ಸ್ ಪರೀಕ್ಷೆ ಬರೆದ ಬ್ಲೂ ಬುಕ್ಕು, ಸರ್ವೇ ಕ್ಯಾಂಪಿನ ಫೀಲ್ಡ್ ಬುಕ್ಕು, ಕ್ಯಾಂಟೀನ್ ಬಿಲ್ಲು, ಬಸ್ ಟಿಕೆಟ್ಟು, ಎಲ್ಲರ ಸಹಿ ಇರೋ ಬಿಳಿ ಅಂಗಿ. ಜೊತೆಗೆ ಒಂದು ನೆನಪಿನ ಪುಸ್ತಕ ಅಚ್ಚು ಹಾಕಿಸೋ ಯೋಚನೆಯೂ ಇದೆ.

ತೊಂದರೆ ಏನಂದ್ರೆ ಇದರಲ್ಲಿ ಅರ್ಧಕ್ಕರ್ಧ ಹೋಗೋದು ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪದ ಕಡೆ ಮನೆಗಳಿಗೆ. ಅಲ್ಲಿ ಆಷಾಢ ಕಳೆಯೋದರೊಳಗೆ ಚರ್ಮದ ಬೆಲ್ಟಿಗೂ ಬೂಷ್ಟು ಬರುತ್ತೆ, ಇನ್ನು ಕಾಗದದ ಗತಿ ಕೇಳಬೇಕಾ? ತಿಳಿದವರು ವಿವರವಾಗಿ ಹೇಳಿ.

ಹಳೇ ಪುಸ್ತಕ (ಸಾಗರ)

ಒಳ್ಳೇ ಕೆಲಸ. ಕಾಗದದ ವಿಷಯ ಹೇಳ್ತೀನಿ. ಎಲ್ಲರೂ ಮಾಡೋ ತಪ್ಪು ಇಲ್ಲೇ ಇರೋದು: ಗಾಳಿ ಆಡದ ಡಬ್ಬ ತಂದು, ರೆಕಾರ್ಡು ತುಂಬಿ, ಎರಡು ಪೊಟ್ಟಣ ಸಿಲಿಕಾ ಜೆಲ್ ಹಾಕಿ ಮುಚ್ಚಿಬಿಡ್ತಾರೆ. ಜುಲೈಯಲ್ಲಿ ಹಾಗೆ ಮುಚ್ಚಿದರೆ ತೇವವನ್ನೇ ಒಳಗೆ ಕೂಡಿಹಾಕಿದ ಹಾಗೆ.

ಲೆಕ್ಕ ನೋಡಿ. ಮಳೆಗಾಲದ ಗಾಳಿಯಲ್ಲಿ ಬಿದ್ದಿರೋ ಕಾಗದದ ತೂಕದಲ್ಲಿ ಸುಮಾರು 10% ನೀರೇ ಇರುತ್ತೆ. ಚೆನ್ನಾಗಿ ಒಣಗಿದ ಕಾಗದದಲ್ಲಿ 5–6%. ಐದು ಕಿಲೋ ರೆಕಾರ್ಡ್ ಕಟ್ಟು ಅಂದರೆ 200 ಗ್ರಾಂ ನೀರು ಹೊರಗೆ ಹೋಗಬೇಕು. 100 ಗ್ರಾಂ ಸಿಲಿಕಾ ಜೆಲ್ ಹೀರೋದು ಹೆಚ್ಚೆಂದರೆ 20–30 ಗ್ರಾಂ. ಅದರ ಕೆಲಸ ಒಣಗಿದ್ದನ್ನ ಒಣಗಿದ ಹಾಗೇ ಇಡೋದು. ಒದ್ದೆ ಕಾಗದ ಒಣಗಿಸೋದು ಅದರ ಕೈಲಿ ಆಗೋಲ್ಲ.

ಹಾಗಾಗಿ ಮೊದಲು ಒಣಗಿಸಿ. ಏಪ್ರಿಲ್ ಕೊನೆ, ಮೇ ಮೊದಲ ವಾರ, ಮಧ್ಯಾಹ್ನ 12ರಿಂದ 4ರೊಳಗೆ. ದಿನದಲ್ಲಿ ಗಾಳಿ ಅತಿ ಒಣಗಿರೋ ಹೊತ್ತು ಅದು. ಬಿಸಿಲಿಗೆ ನೇರ ಇಡಬೇಡಿ, ಕಾಗದ ಹಳದಿಯಾಗುತ್ತೆ, ಶಾಯಿ ಮಾಸುತ್ತೆ. ಒಳಗೇ ಚಾಪೆ ಮೇಲೆ ರೆಕಾರ್ಡುಗಳನ್ನ ಬೀಸಣಿಗೆ ಹಾಗೆ ಬಿಡಿಸಿ ನಿಲ್ಲಿಸಿ ಫ್ಯಾನ್ ಹಾಕಿ, ಎರಡು ಮಧ್ಯಾಹ್ನ ಸಾಕು. ಮೇ ತಿಂಗಳ ಸಂಜೆ ಮಳೆ ಶುರುವಾಗೋ ಮುಂಚೆ, ನಾಲ್ಕು ಗಂಟೆಗೇ ಡಬ್ಬ ಮುಚ್ಚಿ. ಆ ಡಬ್ಬ ಮತ್ತೆ ತೆಗೆಯೋದು ದೀಪಾವಳಿ ಕಳೆದ ಮೇಲೆ.

ಸಿಲಿಕಾ ಜೆಲ್ ಕಿತ್ತಳೆ ಬಣ್ಣದ್ದು ತಗೊಳ್ಳಿ. 20 ಲೀಟರ್ ಡಬ್ಬಕ್ಕೆ 150 ಗ್ರಾಂ ಹಾಕಿ. ನೀಲಿದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತೆ, ವಿಷ, ಮಕ್ಕಳಿರೋ ಮನೆಗೆ ಬೇಡ. ಬಣ್ಣ ತಿರುಗಿದ ಮೇಲೆ ಅವನ್‌ನಲ್ಲಿ 120 ಡಿಗ್ರಿಗೆ ಎರಡು ಗಂಟೆ ಇಟ್ಟರೆ ಮತ್ತೆ ಉಪಯೋಗಕ್ಕೆ ಬರುತ್ತೆ. ಅಡುಗೆ ಪಾತ್ರೆಯಲ್ಲಿ ಮಾತ್ರ ಬಿಸಿ ಮಾಡಬೇಡಿ.

ರೆಕಾರ್ಡಿನ ಸ್ಟೇಪ್ಲರ್ ಪಿನ್ನು, ಜೆಮ್ ಕ್ಲಿಪ್ಪು, ರಬ್ಬರ್ ಬ್ಯಾಂಡು ಎಲ್ಲ ತೆಗೀರಿ. ಎರಡು ಮಳೆಗಾಲಕ್ಕೆ ಪಿನ್ನಿನ ತುಕ್ಕು ಹಾಳೆ ತಿಂದು ತೂತು ಮಾಡುತ್ತೆ. ಹತ್ತಿ ದಾರದಲ್ಲಿ ಹೊಲಿದುಬಿಡಿ. ಹರಿದ ಕಡೆ ಸೆಲ್ಲೋಟೇಪ್ ಬೇಡವೇ ಬೇಡ. ಅದರ ಅಂಟು ಕಂದು ಕಲೆಯಾಗಿ ಹಾಳೆಯೊಳಕ್ಕೆ ಇಳಿಯುತ್ತೆ, ಆಮೇಲೆ ಏನು ಮಾಡಿದರೂ ಹೋಗೋಲ್ಲ.

ಡಬ್ಬ ಇಡೋ ಜಾಗ: ಗೋಡೆಯಿಂದ ನಾಲ್ಕು ಇಂಚು ದೂರ, ನೆಲದಿಂದ ಮೇಲೆ, ಮಳೆ ಹೊಡೆಯೋ ಪಡುವಣ ಗೋಡೆ ಬಿಟ್ಟು. ಅಡುಗೆ ಒಲೆ ಮೇಲಿನ ಅಟ್ಟ ಬೆಚ್ಚಗಿರುತ್ತೆ, ಡಬ್ಬ ಬಿಗಿಯಾಗಿದ್ದರೆ ಮಸಿ ತಾಗೋಲ್ಲ. ಬಚ್ಚಲ ಮೇಲಿನ ಅಟ್ಟ ಬೇಡ. ಅಲ್ಲೂ ಬೆಂಕಿ ಇರುತ್ತೆ ನಿಜ, ಆದರೆ ಹಂಡೆಯ ಹಬೆ ಪೂರ್ತಿ ಅಲ್ಲಿಗೇ ಏರುತ್ತೆ.

ತುಂಗೆ ದಡ

ಡ್ರಾಯಿಂಗ್ ಶೀಟಿಗೆ ಒಂದು ಮಾತು. ಮಡಿಸಬೇಡಿ, ಮಡಿಕೆ ಬಿದ್ದಲ್ಲೇ ಸೀಳೋದು. ಎ2 ಶೀಟು 420×594 ಮಿ.ಮೀ., ಸುತ್ತಿದರೆ 420 ಮಿ.ಮೀ. ಉದ್ದ. ಮೂರು ಇಂಚಿನ ಪಿವಿಸಿ ಪೈಪು ಅರ್ಧ ಮೀಟರ್ ಕತ್ತರಿಸಿ ಎರಡೂ ಕಡೆ ಎಂಡ್ ಕ್ಯಾಪ್ ಹಾಕಿದರೆ ಹತ್ತು ಹದಿನೈದು ಶೀಟು ಹಿಡಿಯುತ್ತೆ. ಪೆನ್ಸಿಲ್ ಗೆರೆ ಉಜ್ಜದ ಹಾಗೆ ಮಧ್ಯೆ ಬಟರ್ ಪೇಪರ್ ಇಡಿ. ಕ್ಯಾಪಿಗೆ ಸಾಲ್ವೆಂಟ್ ಹಚ್ಚಿ ಅಂಟಿಸಬೇಡಿ, ಮುಂದೆ ತೆಗೆಯೋಕೆ ಗರಗಸ ಬೇಕಾದೀತು.

ಇನ್ನೊಂದು: ಶೀಟಿನ ಕೆಳಗಡೆ ಬಲಮೂಲೆಯ ಟೈಟಲ್ ಬ್ಲಾಕನ್ನ ಯಾವ ಕಾರಣಕ್ಕೂ ಕತ್ತರಿಸಬೇಡಿ. ಹೆಸರು, ಯುಎಸ್‌ಎನ್ (ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ), ತಾರೀಕು, ತಿದ್ದಿದವರ ಕೆಂಪು ಸಹಿ ಎಲ್ಲ ಇರೋದು ಅಲ್ಲೇ. ಯುಎಸ್‌ಎನ್ನಿನ ಹತ್ತೇ ಅಕ್ಷರದಲ್ಲಿ ವಲಯ, ಕಾಲೇಜು, ಸೇರಿದ ವರ್ಷ, ಬ್ರಾಂಚು, ಕ್ರಮಸಂಖ್ಯೆ ಅಷ್ಟೂ ಇದೆ. ಇಪ್ಪತ್ತು ವರ್ಷ ಆದಮೇಲೆ ಮುಖ ನೋಡಿ ಹೆಸರು ಹೊಳೆಯದಿದ್ದರೂ ರೋಲ್ ನಂಬರ್ ನೆನಪಾಗುತ್ತೆ.

ಎಂಟನೇ ಸೆಮ್ ಸಿವಿಲ್

ಹಳೇ ಪುಸ್ತಕ ಸರ್, ತುಂಬಾ ಉಪಕಾರ ಆಯ್ತು. ಬಿಲ್ಲು ಮತ್ತೆ ಬಸ್ ಟಿಕೆಟ್ಟನ್ನ ಲ್ಯಾಮಿನೇಷನ್ ಮಾಡಿಸಿದ್ರೆ ಆಗುತ್ತಾ? ಅಂಗಿಗೆ ಯಾವ ಪೆನ್ನು ಒಳ್ಳೇದು?

ಹಳೇ ಪುಸ್ತಕ

ಬೇಡ ಮಾರಾಯ್ರೇ! ಬಿಲ್ಲು, ಟಿಕೆಟ್ಟು ಎರಡೂ ಥರ್ಮಲ್ ಕಾಗದ. ಅದರ ಮೇಲೆ ಶಾಯಿಯೇ ಇಲ್ಲ, ಬಿಸಿ ತಾಗಿ ಕಪ್ಪಾಗೋ ಲೇಪ ಅಷ್ಟೇ. ಲ್ಯಾಮಿನೇಷನ್ ಯಂತ್ರದೊಳಗೆ ಹೋದ ಕ್ಷಣ ಇಡೀ ಟಿಕೆಟ್ಟು ಕಪ್ಪು ಪಟ್ಟಿ ಆಗುತ್ತೆ. ಪ್ಲಾಸ್ಟಿಕ್ ಕವರಿನಲ್ಲಿಟ್ಟರೂ ಅಕ್ಷರ ಬೇಗ ಮಾಸುತ್ತೆ. ಇವತ್ತೇ 600 ಡಿಪಿಐಗೆ ಸ್ಕ್ಯಾನ್ ಮಾಡಿ, ಲೇಸರ್ ಪ್ರಿಂಟ್ ತೆಗೆದು ಪುಸ್ತಕಕ್ಕೆ ಅಂಟಿಸಿ. ಮೂಲ ಟಿಕೆಟ್ಟು ಕಾಗದದ ಲಕೋಟೆಯಲ್ಲಿ ಕತ್ತಲಲ್ಲಿರಲಿ.

ಇದೇ ಸಂದರ್ಭದಲ್ಲಿ ಹೇಳ್ತೀನಿ, ಅಂಕಪಟ್ಟಿ, ಪಿಡಿಸಿ (ತಾತ್ಕಾಲಿಕ ಪದವಿ ಪ್ರಮಾಣಪತ್ರ), ಡಿಗ್ರಿ ಸರ್ಟಿಫಿಕೇಟನ್ನೂ ಲ್ಯಾಮಿನೇಟ್ ಮಾಡಿಸಬೇಡಿ. ಮುಂದೆ ಹಿಂಬದಿಗೆ ಮೊಹರು, ಸಹಿ ಹಾಕಿಸಬೇಕಾದಾಗ ಅಡ್ಡಿಯಾಗುತ್ತೆ, ಬಿಡಿಸೋಕೂ ಬರೋಲ್ಲ.

ಬಿಳಿ ಅಂಗಿ (ಭದ್ರಾವತಿ)

ಅಂಗಿ ಪೂರ್ತಿ ಹತ್ತಿಯದೇ ಆಗಿರಲಿ. ಹೊಸ ಅಂಗಿಯಾದರೆ ಮೊದಲು ಒಂದು ಸಲ ಒಗೆದು ಗಂಜಿ ತೆಗೀರಿ, ಇಲ್ಲದಿದ್ದರೆ ಶಾಯಿ ಗಂಜಿ ಮೇಲೆ ಕೂತು ಮೊದಲ ಒಗೆತಕ್ಕೇ ಹೋಗುತ್ತೆ. ಮಾಮೂಲಿ ಪರ್ಮನೆಂಟ್ ಮಾರ್ಕರಿನ ಕಪ್ಪು ವರ್ಷ ಕಳೆದ ಹಾಗೆ ನೇರಳೆಗೆ ತಿರುಗಿ ಸುತ್ತ ಹರಡುತ್ತೆ. ಬಟ್ಟೆಗೇ ಅಂತ ಮಾಡಿದ ಫ್ಯಾಬ್ರಿಕ್ ಮಾರ್ಕರ್ ತಗೊಳ್ಳಿ, ಪಿಗ್ಮೆಂಟ್ ಶಾಯಿ ಅಂತ ಬರೆದಿರೋದು. 58 ಸಹಿಗೆ ಮೂರು ನಾಲ್ಕು ಬೇಕು.

ಬರೆಯುವಾಗ ಅಂಗಿಯೊಳಗೆ ರಟ್ಟು ತೂರಿಸಿ, ಬೆನ್ನಿನ ಸಹಿ ಎದೆಗೆ ಇಳಿಯಬಾರದಲ್ಲ. 24 ಗಂಟೆ ಬಿಟ್ಟು ಒಳಮೈ ಮೇಲೆ ಮಾಡಿ, ಹಬೆ ಇಲ್ಲದ ಇಸ್ತ್ರಿ ಒಂದೊಂದು ಜಾಗಕ್ಕೂ ಮೂರು ನಾಲ್ಕು ನಿಮಿಷ. ಒಗೆಯೋದಾದರೆ ತಣ್ಣೀರು, ಕೈಯಲ್ಲಿ, ಪ್ರತ್ಯೇಕ. ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತೆ ಅಂತಾರೆ. ಮಾರ್ಕರ್ ಶಾಯಿಗೆ ಅದರಿಂದ ಏನೂ ಆಗೋಲ್ಲ. ಎತ್ತಿಡುವಾಗ ಹಳೇ ಹತ್ತಿ ಪಂಚೆಯಲ್ಲಿ ಸುತ್ತಿಡಿ. ನುಸಿಗುಳಿಗೆ ಕೀಟಕ್ಕೆ ಮಾತ್ರ, ಬೂಷ್ಟಿಗೆ ಅಲ್ಲ. ಬಟ್ಟೆಗಾಗಲಿ ಪ್ಲಾಸ್ಟಿಕ್ಕಿಗಾಗಲಿ ನೇರ ತಾಗದ ಹಾಗಿರಲಿ.

ಫಿಟ್ಟಿಂಗ್ ಶಾಪ್

ಫಿಟ್ಟಿಂಗ್ ಜಾಬಿನ ಬಗ್ಗೆ ಯಾರೂ ಹೇಳಲಿಲ್ಲ. ಎರಡು ತುಂಡು ಎಂಎಸ್ ಫ್ಲಾಟು (ಮೆದು ಉಕ್ಕಿನ ಪಟ್ಟಿ), ಹ್ಯಾಕ್ಸಾದಲ್ಲಿ ಕೊಯ್ದು, ಒರಟು ಅರ, ಆಮೇಲೆ ನುಣುಪು ಅರ ಹಾಕಿ, ಟ್ರೈಸ್ಕ್ವೇರಿಟ್ಟು ಬೆಳಕಿಗೆ ಹಿಡಿದು ನೋಡಿ ಕೂರಿಸಿದ್ದು. ಆ ಸಂದಿಯಲ್ಲಿ ಬೆಳಕು ಎಷ್ಟು ಕಾಣುತ್ತೆ ಅನ್ನೋದೇ ಮೊದಲ ವರ್ಷದ ಕೈಗೆ ಸಿಕ್ಕ ನಿಜವಾದ ಅಂಕ. ಹಾಗಾಗಿ ತುಕ್ಕು ತೆಗೀತೀವಿ ಅಂತ ಒಳಗಿನ ಕೂಡುಮೈಗೆ ಎಮರಿ ಹಾಕಬೇಡಿ, ಸಂದಿ ದೊಡ್ಡದಾಗುತ್ತೆ. ಅಲ್ಲಿಗೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ, ಹಳೇ ಹಲ್ಲುಜ್ಜೋ ಬ್ರಷ್ಷು ಸಾಕು. ಹೊರಮೈಗೆ 400 ನಂಬರಿನ ಎಮರಿ, ಒಂದೇ ದಿಕ್ಕಿನಲ್ಲಿ. ಪಂಚ್ ಹೊಡೆದ ರೋಲ್ ನಂಬರನ್ನ ಮುಟ್ಟಬೇಡಿ.

ಒರೆಸಿ, ಥಿನ್ನರ್ ಬಟ್ಟೆಯಲ್ಲಿ ಎಣ್ಣೆ ತೆಗೆದು, ಅರ್ಧ ಗಂಟೆ ಬಿಸಿಲಿಗಿಡಿ. ಇನ್ನು ಬರಿಗೈಯಲ್ಲಿ ಮುಟ್ಟೋ ಹಾಗಿಲ್ಲ. ಬೆವರಿನ ಉಪ್ಪಿಗೆ ವಾರದಲ್ಲಿ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಏಳುತ್ತೆ. ಕ್ಲಿಯರ್ ಲ್ಯಾಕರ್ ತೆಳ್ಳಗೆ ಎರಡು ಕೋಟು, ಮಧ್ಯೆ ಅರ್ಧ ಗಂಟೆ. ಮಳೆ ದಿನ ಹೊಡೆದರೆ ಲ್ಯಾಕರ್ ಬೆಳ್ಳಗೆ ಮಂಜಾಗುತ್ತೆ, ಗಾಳಿಯ ತೇವ ಒಳಗೆ ಸಿಕ್ಕಿಕೊಂಡು. ಒಣ ಮಧ್ಯಾಹ್ನವೇ ಬೇಕು.

ಕೊಬ್ಬರಿ ಎಣ್ಣೆ ಹಚ್ಚೋರು ಬಹಳ ಜನ. ಅದು ಕಮಟಾಗಿ ಅಂಟಂಟಾಗುತ್ತೆ, ಧೂಳು ಹಿಡಿಯುತ್ತೆ. ಲ್ಯಾಕರ್ ಬೇಡ ಅಂದರೆ ಹೊಲಿಗೆ ಯಂತ್ರದ ಎಣ್ಣೆ ಹಚ್ಚಿ ಮೇಣದ ಕಾಗದದಲ್ಲಿ ಸುತ್ತಿ.

ಸಿವಿಲ್ ಲ್ಯಾಬ್ (ನವುಲೆ ಕಡೆ)

ಸಿವಿಲ್‌ನವರು ಅಂದಿರಿ. ಹಾಗಾದರೆ ಸಿಮೆಂಟ್ ಗಾರೆಯ ಕ್ಯೂಬಿಗಿಂತ ಒಳ್ಳೇ ನೆನಪಿನ ಕಾಣಿಕೆ ಇನ್ನೇನಿದೆ? 150 ಮಿ.ಮೀ. ಕಾಂಕ್ರೀಟ್ ಕ್ಯೂಬು ಎಂಟು ಕಿಲೋ ತೂಗುತ್ತೆ, ಊರಿಗೆ ಹೊತ್ತುಕೊಂಡು ಹೋಗೋದು ಕಷ್ಟ. ಸಿಮೆಂಟ್ ಪರೀಕ್ಷೆಯ 70.6 ಮಿ.ಮೀ. ಕ್ಯೂಬು ಮುಕ್ಕಾಲು ಕಿಲೋ ಆಸುಪಾಸು, ಅಂಗೈಯಲ್ಲಿ ಕೂರುತ್ತೆ, ಮೇಜಿನ ಮೇಲೆ ಕಾಗದದ ಭಾರಕ್ಕೆ ಹೇಳಿಮಾಡಿಸಿದ್ದು. ಲ್ಯಾಬ್ ಇನ್‌ಸ್ಟ್ರಕ್ಟರ್ ಒಪ್ಪಿಗೆ ಮೊದಲು ಪಡೀರಿ.

ಪ್ರಮಾಣ ಪ್ರಯೋಗದ್ದೇ, 1:3. ಒಂದು ಕ್ಯೂಬಿಗೆ ಸಿಮೆಂಟ್ 200 ಗ್ರಾಂ, ಮರಳು 600 ಗ್ರಾಂ. ನೀರು ರೆಕಾರ್ಡಿನಲ್ಲಿ ಬರೆದಿರೋ ಪಿ/4 + 3 ಶೇಕಡಾ ಸೂತ್ರದ ಪ್ರಕಾರ. ಪಿ ಅಂದರೆ ನಾರ್ಮಲ್ ಕನ್ಸಿಸ್ಟೆನ್ಸಿ, ಸಿಮೆಂಟ್ ಹದಕ್ಕೆ ಬರೋಕೆ ಬೇಕಾದ ನೀರಿನ ಶೇಕಡಾ. ಅದು 30 ಬಂದಿದ್ದರೆ ಸಿಮೆಂಟ್, ಮರಳು ಸೇರಿದ ತೂಕದ 10.5%, ಅಂದರೆ 84 ಗ್ರಾಂ. 58 ಜನಕ್ಕೆ ಸಿಮೆಂಟ್ 11.6 ಕಿಲೋ, ಮರಳು 35 ಕಿಲೋ. ಪರೀಕ್ಷೆಗೇ ಅಂತ ಬರೋ ಎನ್ನೋರಿನ ಸ್ಟ್ಯಾಂಡರ್ಡ್ ಮರಳು ಇದಕ್ಕೆ ಹಾಳು ಮಾಡಬೇಡಿ, ಜರಡಿ ಹಿಡಿದ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಸಾಕು. ಎಂ-ಸ್ಯಾಂಡಿನಲ್ಲಿ ಪುಡಿ ಜಾಸ್ತಿ ಇದ್ದರೆ ಗಾರೆ ಗಟ್ಟಿ ಅನ್ನಿಸಬಹುದು, ಆಗ ಐದೈದು ಗ್ರಾಂ ನೀರು ಸೇರಿಸಿ ನೋಡಿ. ಸಿಮೆಂಟ್ ಹೊಸ ಚೀಲದ್ದಿರಲಿ. ನಮ್ಮ ಕಡೆ ಬಾಯಿ ಬಿಚ್ಚಿದ ಚೀಲ ಒಂದು ಮಳೆಗಾಲ ಕಂಡರೆ ಗಂಟುಗಂಟಾಗಿರುತ್ತೆ.

ಅಚ್ಚಿಗೆ ಎಣ್ಣೆ ತೆಳ್ಳಗೆ ಸವರಿ. ಹೆಸರು, ವರ್ಷ ಮೂಡಬೇಕಾದರೆ 3 ಮಿ.ಮೀ. ಫೋಮ್ ಹಾಳೆಯಲ್ಲಿ ಅಕ್ಷರ ಕತ್ತರಿಸಿ ಅಚ್ಚಿನ ತಳಕ್ಕೆ ಅಂಟಿಸಿ. ಕನ್ನಡ ಅಕ್ಷರಕ್ಕೆ ಒತ್ತು ಪ್ರತ್ಯೇಕ ತುಂಡಾಗಿ ಕಳಚಿ ಬೀಳುತ್ತೆ, ಅಕ್ಷರ 15 ಮಿ.ಮೀ.ಗಿಂತ ಚಿಕ್ಕದು ಬೇಡ. ಗಾರೆ ತುಂಬಿ ಎರಡು ನಿಮಿಷ ವೈಬ್ರೇಷನ್ ಕೊಡಿ, ಮೇಲ್ಮೈ ಕರಣೆಯಲ್ಲಿ ಸಮ ಮಾಡಿ. ಒದ್ದೆ ಗೋಣಿ ಮುಚ್ಚಿ 24 ಗಂಟೆ. ಆತುರಪಟ್ಟು ಮೊದಲೇ ಬಿಚ್ಚಿದರೆ ಅಂಚು ಉದುರೋದು ಖಂಡಿತ. ಬಿಚ್ಚಿ ನೀರಿನ ತೊಟ್ಟಿಗೆ ಹಾಕಿ. 28 ದಿನ ಬಿಟ್ಟರೆ ಒಳ್ಳೇದು, ಕನಿಷ್ಠ ಏಳು. ಬರಿಗೈಯಲ್ಲಿ ಗಾರೆ ಕಲೆಸಬೇಡಿ, ಚರ್ಮ ಸುಡುತ್ತೆ.

ಅಚ್ಚುಗಳ ಲೆಕ್ಕ ಈಗಲೇ ಹಾಕಿ. ದಿನಕ್ಕೆ ಆರು ಅಚ್ಚು ಸಿಕ್ಕರೆ 58ಕ್ಕೆ ಹತ್ತು ದಿನ, ಮೇಲೆ 28 ದಿನ ನೀರಲ್ಲಿ ನೆನೆಸೋ ಕ್ಯೂರಿಂಗು. ಆರು ವಾರ ಇದೆ ಅಂದಿರಿ, ನಾಳೆನೇ ಶುರು ಮಾಡಿದರೆ ಸರಿಹೋಗುತ್ತೆ. ಒಣಗಿದ ಮೇಲೆ ಬಿಳಿ ಪುಡಿ ಕಾಣಿಸಿಕೊಂಡರೆ ಹೆದರಬೇಡಿ, ಒಳಗಿನ ಸುಣ್ಣ ಹೊರಬಂದಿದ್ದು. ಒಣ ಬ್ರಷ್ಷಿನಲ್ಲಿ ತಿಕ್ಕಿದರೆ ಆಯ್ತು. ತಳಕ್ಕೆ ಫೆಲ್ಟ್ ಬಟ್ಟೆ ಅಂಟಿಸಿ.

ಎಂಟನೇ ಸೆಮ್ ಸಿವಿಲ್

ಸರ್, ಇದು ಎಲ್ಲರಿಗೂ ಭಾರೀ ಹಿಡಿಸ್ತು. ನಾಳೆನೇ ಲ್ಯಾಬಲ್ಲಿ ಕೇಳ್ತೀವಿ. ಪುಸ್ತಕದ ಬಗ್ಗೆ ಯಾರಾದರೂ ಹೇಳಿ. 130 ಜಿಎಸ್‌ಎಂ ಆರ್ಟ್ ಪೇಪರ್, ಪರ್ಫೆಕ್ಟ್ ಬೈಂಡಿಂಗ್ ಅಂದ್ಕೊಂಡಿದ್ದೀವಿ.

ಅಚ್ಚುಮೊಳೆ

ಎರಡೂ ಬದಲಾಯಿಸಿ. ಆರ್ಟ್ ಪೇಪರಿನ ಹೊಳಪು ಲೇಪ ತೇವ ಕುಡಿದರೆ ಪುಟಕ್ಕೆ ಪುಟ ಅಂಟಿ ಇಟ್ಟಿಗೆ ಆಗುತ್ತೆ. ಬಿಡಿಸೋಕೆ ಹೋದರೆ ಫೋಟೋ ಕಿತ್ತುಬರುತ್ತೆ. 100 ಜಿಎಸ್‌ಎಂ ಮ್ಯಾಪ್ಲಿಥೋ (ಹೊಳಪು ಲೇಪ ಇಲ್ಲದ ಕಾಗದ) ಹಾಕಿಸಿ. ಫೋಟೋ ಸ್ವಲ್ಪ ಮಂಕಾಗಿ ಬರುತ್ತೆ, ಅದಕ್ಕೆ ಮೊದಲೇ ಕಾಂಟ್ರಾಸ್ಟ್ ಏರಿಸಿಕೊಳ್ಳಿ. ಪರ್ಫೆಕ್ಟ್ ಬೈಂಡಿಂಗಿನಲ್ಲಿ ಬರೀ ಬಿಸಿ ಅಂಟು, ಕೆಲವು ವರ್ಷಕ್ಕೆ ಬೆನ್ನು ಬಿರಿದು ಹಾಳೆ ಉದುರುತ್ತೆ. ಸೆಕ್ಷನ್ ಹೊಲಿಗೆ ಮಾಡಿಸಿ, ಅಂದರೆ ಮಡಿಸಿದ ಹಾಳೆಗಳ ಕಟ್ಟನ್ನ ದಾರದಲ್ಲಿ ಹೊಲಿಯೋದು. 16 ಪುಟದ ಐದು ಸೆಕ್ಷನ್, ಒಟ್ಟು 80 ಪುಟ. ತಲಾ ಒಂದು ಪುಟದಂತೆ 58, ಉಳಿದ 22 ಪುಟ ಎಲ್ಲರದ್ದು.

ಬೈಂಡರ್ ಮೈದಾ ಅಂಟಿಗೆ ಮೈಲುತುತ್ತ ಬೆರೆಸ್ತೀನಿ, ಹುಳ ಬರೋಲ್ಲ ಅಂದರೆ ಒಪ್ಪಬೇಡಿ. ಅಡಿಕೆ ಕೊಳೆಗೆ ಹೊಡೆಯೋ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತದ ಹುಳಿಯನ್ನ ಸುಣ್ಣ ಸರಿದೂಗಿಸುತ್ತೆ. ಅಂಟಿನಲ್ಲಿ ಸುಣ್ಣ ಇಲ್ಲ, ಆ ಹುಳಿ ಕಾಗದವನ್ನೇ ತಿನ್ನುತ್ತೆ. ಬಿಳಿ ಪಿವಿಎ ಗೋಂದು ಕೇಳಿ. ಹೊದಿಕೆಗೆ ಹೊರಗಡೆ ಮಾತ್ರ ಲ್ಯಾಮಿನೇಷನ್ ಆದರೆ ಒಳಮೈ ತೇವಕ್ಕೆ ಹಿಗ್ಗಿ ರಕ್ಷಾಪುಟ ಹಪ್ಪಳದ ಹಾಗೆ ಹೊರಗೆ ಬಾಗುತ್ತೆ. ಗಟ್ಟಿ ರಟ್ಟು, ಮೇಲೆ ಬಟ್ಟೆ, ಇದು ಮಲೆನಾಡಿಗೆ ಸರಿ.

ಅಳತೆ ಡೆಮಿ 1/8, ಅಂದರೆ ಐದೂವರೆ ಇಂಟು ಎಂಟೂವರೆ ಇಂಚು. ಅಧ್ಯಾಪಕರದ್ದೂ ಸೇರಿ 70 ಪ್ರತಿ ಅಂದರೆ ಡಿಜಿಟಲ್ ಪ್ರಿಂಟೇ ಅಗ್ಗ, ಆಫ್‌ಸೆಟ್ಟಿಗೆ ಪ್ಲೇಟಿನ ಖರ್ಚೇ ಜಾಸ್ತಿ ಬೀಳುತ್ತೆ. ಅಂಚಿಗೆ 3 ಮಿ.ಮೀ. ಬ್ಲೀಡ್ (ಕತ್ತರಿಸಿ ತೆಗೆಯೋ ಹೆಚ್ಚುವರಿ ಜಾಗ), ಫೋಟೋ 300 ಡಿಪಿಐ.

ಕನ್ನಡಕ್ಕೆ ಎಚ್ಚರ. ನೀವು ಮೊಬೈಲಿನಲ್ಲಿ ಬರೆಯೋದು ಯುನಿಕೋಡ್. ಅನೇಕ ಪ್ರೆಸ್ಸಿನಲ್ಲಿ ಇನ್ನೂ ‘ನುಡಿ’ ತಂತ್ರಾಂಶದ ಹಳೇ ಫಾಂಟಿಗೆ ಪರಿವರ್ತಿಸಿಕೊಂಡೇ ಪುಟ ಕಟ್ಟೋದು, ಆಗ ಅರ್ಕಾವತ್ತು, ಒತ್ತಕ್ಷರ ಸ್ಥಾನ ತಪ್ಪುತ್ತೆ. ನೀವೇ ಪುಟ ಕಟ್ಟಿ, ಫಾಂಟ್ ಒಳಗೆ ಸೇರಿಸಿದ ಪಿಡಿಎಫ್ ಕೊಡಿ. ಮೊದಲು ಒಂದು ಹಾಳೆ ಪ್ರಿಂಟ್ ತೆಗೆಸಿ ಸೂರ್ಯ, ಕಾರ್ಯ, ಸ್ತ್ರೀ, ರಾಷ್ಟ್ರ, ತೀರ್ಥಹಳ್ಳಿ ಈ ಪದಗಳನ್ನ ಕಣ್ಣಿಟ್ಟು ನೋಡಿ. ಇವು ಸರಿ ಬಂದರೆ ಉಳಿದಿದ್ದೂ ಬಹುಪಾಲು ಸರಿ ಬರುತ್ತೆ.

ತುಂಗೆ ದಡ

ಆ 22 ಪುಟಕ್ಕೆ: ಪ್ರತಿ ಸೆಮಿಸ್ಟರಿನ ಬೆಂಚಿನ ನಕ್ಷೆ ಹಾಕಿ, ಯಾರು ಎಲ್ಲಿ ಕೂರ್ತಿದ್ದರು ಅಂತ. ಎಂಟು ನಕ್ಷೆ, ಎಂಟು ಪುಟ. ಟೈಮ್‌ಟೇಬಲ್ ಹಾಕಿ, ಕ್ಯಾಂಟೀನಿನ ದರಪಟ್ಟಿ ವರ್ಷವಾರು ಹಾಕಿ. ಮತ್ತೆ ಒಂದು ಪದಕೋಶ: ಮಾಸ್ ಬಂಕ್, ಪ್ರಾಕ್ಸಿ, ಬ್ಯಾಕು, ಶಾರ್ಟೇಜು. 85% ಹಾಜರಿಯ ನಿಯಮಕ್ಕೆ ಎಷ್ಟು ಕ್ಲಾಸು ಬಾಕಿ ಅಂತ ಎಣಿಸ್ತಿದ್ದ ಆ ಲೆಕ್ಕವೂ ಅದರಲ್ಲಿರಲಿ. ಒಬ್ಬೊಬ್ಬರ ಬರಹಕ್ಕೆ ನೂರು ಪದದ ಮಿತಿ ಇಡಿ, ಕೊನೇ ದಿನಾಂಕ ಇಂಟರ್ನಲ್ಸಿಗಿಂತ ಮೊದಲೇ ಇರಲಿ. ಆಮೇಲೆ ಕೇಳಿದರೆ ಯಾರೂ ಕೊಡೋಲ್ಲ.

ಮೂರನೇ ಸಾಲು

ಗ್ರೂಪ್ ಫೋಟೋಗೆ: 58 ವಿದ್ಯಾರ್ಥಿಗಳು, 12 ಅಧ್ಯಾಪಕರು ಅಂತಿಟ್ಟುಕೊಂಡರೆ 70 ಜನ, ನಾಲ್ಕು ಸಾಲು. ಸಾಲಿಗೆ 18 ಜನ, ತಲಾ 45 ಸೆಂ.ಮೀ., ಅಗಲ ಎಂಟು ಮೀಟರ್ ದಾಟುತ್ತೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 35 ಮಿ.ಮೀ. ಲೆನ್ಸಾದರೆ ಒಂಬತ್ತು ಮೀಟರ್ ದೂರ ನಿಲ್ಲಬೇಕು. ಎಫ್/8, ಫೋಕಸ್ ಎರಡನೇ ಸಾಲಿಗೆ, ಕನಿಷ್ಠ ಹತ್ತು ಕ್ಲಿಕ್, ಯಾರಾದರೂ ಒಬ್ಬರು ಕಣ್ಣು ಮುಚ್ಚಿಯೇ ಇರ್ತಾರೆ. ಬೆಳಗ್ಗೆ ಒಂಬತ್ತರೊಳಗೆ, ಕಟ್ಟಡದ ಪಶ್ಚಿಮದ ನೆರಳಲ್ಲಿ. ಅವತ್ತೇ ಸಾಲುವಾರು ಎಡದಿಂದ ಹೆಸರು ಬರೆದಿಡಿ.

ಕಟ್ಟು ಹಾಕಿಸುವಾಗ ಫೋಟೋ ಗಾಜಿಗೆ ತಾಗಬಾರದು. ಮಧ್ಯೆ 2 ಮಿ.ಮೀ. ಮೌಂಟ್ ಬೋರ್ಡ್ ಕೇಳಿ. ಹಳೇ ಮನೆಗಳಲ್ಲಿ ಫೋಟೋ ಗಾಜಿಗೆ ಅಂಟಿ ಮುಖವೇ ಹೋಗಿರೋದು ಇದಿಲ್ಲದ್ದಕ್ಕೇ. ಹಿಂದೆ ಕೆಳಗಿನ ಎರಡು ಮೂಲೆಗೆ ಬಿರಡೆಯ ಚೂರು ಅಂಟಿಸಿದರೆ ಗೋಡೆಗೂ ಕಟ್ಟಿಗೂ ನಡುವೆ ಗಾಳಿ ಆಡುತ್ತೆ.

ಕೊನೇ ಪ್ರವಾಸ ಜೋಗಕ್ಕೆ ಅಂತ ಇದ್ದರೆ ಮೇ ತಿಂಗಳಲ್ಲಿ ನೀರು ನೂಲಿನ ಹಾಗಿರುತ್ತೆ, ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ನಿಂತಿರುತ್ತೆ. ಆದರೆ 253 ಮೀಟರಿನ ಬಂಡೆ ಪೂರ್ತಿ ಕಾಣೋದು ಆಗಲೇ.

ಹಾರ್ಡ್‌ಡಿಸ್ಕ್

ಕಾಲೇಜು ಕೊಟ್ಟ ಇಮೇಲ್ ಖಾತೆಯ ಡ್ರೈವಿನಲ್ಲಿ ಫೋಟೋ ಇದ್ದರೆ ಈ ವಾರವೇ ಇಳಿಸಿಕೊಳ್ಳಿ. ಖಾತೆ ಮುಚ್ಚಿದ ದಿನ ಅದರಿಂದ ಹಂಚಿದ ಕೊಂಡಿಗಳೆಲ್ಲ ಸಾಯುತ್ತೆ. ವಾಟ್ಸಾಪಿನಲ್ಲಿ ಫೋಟೋ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಕುಗ್ಗಿಸಿಬಿಡುತ್ತೆ, 12×18 ಇಂಚಿನ ಪ್ರಿಂಟಿಗೆ ಬರೋಲ್ಲ. ಮೂರು ಪ್ರತಿ ಮಾಡಿ, ಬೇರೆ ಬೇರೆ ಮೂರು ಊರಲ್ಲಿಡಿ. ಪೆನ್‌ಡ್ರೈವ್ ನಂಬಬೇಡಿ.

ಪ್ರಾಜೆಕ್ಟ್ ಕಿಟ್ ಎತ್ತಿಡೋರು ಬ್ಯಾಟರಿ ತೆಗೀರಿ. ಆಲ್ಕಲೈನ್ ಸೆಲ್ ಸೋರಿದರೆ ಬೋರ್ಡಿನ ತಾಮ್ರ ತಿಂದುಹಾಕುತ್ತೆ.

ಇನ್ನೊಂದು, ಸದ್ದು ಹಿಡಿದಿಡಿ. ಲೇತ್ ತಿರುಗೋದು, ವೈಬ್ರೇಷನ್ ಟೇಬಲ್ಲು, ಬೆಲ್ಲು, ವರ್ಕ್‌ಶಾಪಿನ ಶೀಟಿನ ಮೇಲೆ ಮೊದಲ ಮಳೆ ಬೀಳೋದು. ಫೋನಿನಲ್ಲಿ ವೇವ್ ಫೈಲಾಗಿ ಮುದ್ರಿಸಿ, ಸ್ಟೀರಿಯೋ ನಿಮಿಷಕ್ಕೆ 10 ಎಂಬಿ. ಮೈಕಿನ ಬಾಯಿಗೆ ತೆಳ್ಳನೆ ಫೋಮ್ ಕಟ್ಟಿ. ಶೀಟಿನ ಕೆಳಗೇ ನಿಂತರೆ ಸದ್ದು ಒಡೆಯುತ್ತೆ, ಬಾಗಿಲ ಹತ್ತಿರ ನಿಂತು ಮೂರು ನಿಮಿಷ ಮಾತಾಡದೆ ಹಿಡೀರಿ.

ಎಂಟನೇ ಸೆಮ್ ಸಿವಿಲ್

ಎಲ್ಲ ಬರ್ಕೊಂಡಿದ್ದೀವಿ. ಲ್ಯಾಬಲ್ಲಿ ಒಪ್ಪಿಗೆ ಸಿಕ್ಕಿದೆ, ಆರು ಅಚ್ಚು ಕೊಟ್ಟಿದ್ದಾರೆ. ಫೋಮ್ ಅಕ್ಷರ ಕತ್ತರಿಸ್ತಾ ಇದ್ದೀವಿ.

ಸಿವಿಲ್ ಲ್ಯಾಬ್

ಕನ್ನಡಿಯಲ್ಲಿ ಕಾಣೋ ಹಾಗೆ ತಿರುಗಿಸಿ ಅಂಟಿಸಿ. ನೇರ ಅಂಟಿಸಿದರೆ ಕ್ಯೂಬಿನ ಮೇಲೆ ಉಲ್ಟಾ ಬರುತ್ತೆ. ಮೊದಲ ಆರು ಹಾಕೋ ಮುಂಚೆ ಜೇಡಿಮಣ್ಣಿನ ಉಂಡೆ ಒತ್ತಿ ನೋಡಿಬಿಡಿ.